ವಿಷಯ ಸಾಲದು, ಪ್ರಶ್ನೆ ಬೇಕು

ಕನ್ನಡದಲ್ಲಿ ಇಂದು ನಮಗೆ ಸಿಕ್ಕಿರುವ ಗ್ರಂಥಗಳಲ್ಲಿ ಮೊದಲನೆಯದು ಕವಿರಾಜಮಾರ್ಗ. 9ನೆಯ ಶತಮಾನದ ಆ ಗ್ರಂಥವನ್ನು ಕೆ. ಬಿ. ಪಾಠಕರು ಸಂಪಾದಿಸಿ 1898ರಲ್ಲಿ ಅಚ್ಚು ಹಾಕಿಸಿದರು. ಅದನ್ನು ಬರೆದವನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೇ ಎಂಬುದು ಅವರ ನಿಲುವಾಗಿತ್ತು. ಬಹಳ ವರ್ಷ ಪಾಠಪುಸ್ತಕಗಳಲ್ಲಿಯೂ ಆ ಮಾತು ಹಾಗೆಯೇ ನಡೆದುಬಂತು. ಆದರೆ ಗ್ರಂಥದ ಪರಿಚ್ಛೇದ ಮುಗಿಯುವ ಕಡೆ ಒಂದು ಸಮಾಪ್ತಿ ವಾಕ್ಯವಿದೆ. ಅಲ್ಲಿ ನೃಪತುಂಗದೇವನ ಹೆಸರಿಗೆ ಅಂಟಿಕೊಂಡು ಬರುವ ಪದ 'ಅನುಮತ'. 'ಕೃತ' ಎಂದಿಲ್ಲ, 'ವಿರಚಿತ' ಎಂದಿಲ್ಲ. ದೊರೆ ಒಪ್ಪಿದ ಗ್ರಂಥ ಎಂದರೆ ದೊರೆಯೇ ಬರೆದ ಗ್ರಂಥ ಎಂದಾಗುತ್ತದೆಯೇ? ಈ ಸಣ್ಣ ಪದವನ್ನು ಬಿಡಿಸಿ ನೋಡಹೊರಟವರಿಂದ ಕನ್ನಡ ಸಂಶೋಧನೆಯ ದೊಡ್ಡ ಚರ್ಚೆಯೊಂದು ಬೆಳೆಯಿತು. ಶ್ರೀವಿಜಯ ಎಂಬ ಹೆಸರು ಮುಂದೆ ಬಂತು, ಕವೀಶ್ವರ ಎಂಬ ಇನ್ನೊಂದು ಹೆಸರೂ ಬಂತು. ಇಂದು ಹೆಚ್ಚಿನ ವಿದ್ವಾಂಸರು ಶ್ರೀವಿಜಯನೇ ಕರ್ತೃವೆಂದು ಒಪ್ಪುತ್ತಾರೆ. ಪಾಠಕರ ಕಣ್ಣ ಮುಂದೆಯೂ ಅದೇ ಪದವಿತ್ತು, ಆಮೇಲೆ ಬಂದವರ ಮುಂದೆಯೂ ಅದೇ ಪದವಿತ್ತು. ಅದರ ಮುಂದೆ ನಿಂತು ಕೇಳಿದ ಪ್ರಶ್ನೆ ಬೇರೆಯಾಯಿತು.

ಇವತ್ತು ನಾನು ಮಾತನಾಡಬೇಕೆಂದಿರುವುದು ಸಂಶೋಧನ ಲೇಖನವೊಂದಕ್ಕೆ ಮಾಡಿಕೊಳ್ಳುವ ಸಿದ್ಧತೆಯ ಬಗ್ಗೆ. ಎಂ.ಎ. ತರಗತಿಯಲ್ಲಿ ಸಂಪ್ರಬಂಧ ಬರೆಯುವ ವಿದ್ಯಾರ್ಥಿಗಳು, ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರು, ವಿಚಾರ ಸಂಕಿರಣಕ್ಕೆ ಪ್ರಬಂಧ ಒಪ್ಪಿಕೊಂಡ ಅಧ್ಯಾಪಕರು, ಇವರೆಲ್ಲರಿಗೂ ಸಾಮಾನ್ಯವಾಗಿ ಹೇಳಿಕೊಡುವ ಕ್ರಮ ಒಂದೇ. ವಿಷಯ ಆರಿಸಿಕೊಳ್ಳಿ, ಪುಸ್ತಕಗಳ ಪಟ್ಟಿ ಮಾಡಿ, ಓದಿ ಟಿಪ್ಪಣಿ ಹಾಕಿಕೊಳ್ಳಿ, ಭಾಗಗಳಾಗಿ ವಿಂಗಡಿಸಿ, ಬರೆಯಿರಿ. ಈ ಕ್ರಮದಲ್ಲಿ ತಪ್ಪೇನೂ ಇಲ್ಲವೆಂದು ಕಾಣುತ್ತದೆ. ಆದರೆ ಇದರಲ್ಲಿ ಬಹು ಮುಖ್ಯವಾದ ಒಂದು ಮೆಟ್ಟಿಲು ಬಿಟ್ಟುಹೋಗಿದೆ ಎಂದು ನನ್ನ ವಾದ. ವಿಷಯವು ಪ್ರಶ್ನೆಯಾಗಿ ತಿರುಗುವ ತನಕ ಸಿದ್ಧತೆ ಶುರುವೇ ಆಗಿರುವುದಿಲ್ಲ. ನಮ್ಮ ಲೇಖನಗಳ ಶೀರ್ಷಿಕೆಗಳನ್ನು ಗಮನಿಸಿ ನೋಡಿ: 'ಒಂದು ಅಧ್ಯಯನ', 'ಒಂದು ಅವಲೋಕನ', 'ಒಂದು ಸಮೀಕ್ಷೆ', 'ಒಂದು ಇಣುಕುನೋಟ'. 'ಕವಿರಾಜಮಾರ್ಗ: ಒಂದು ಅಧ್ಯಯನ' ಎಂದು ಹೆಸರಿಟ್ಟುಕೊಂಡವರು ಏನನ್ನು ಹುಡುಕುತ್ತಿದ್ದಾರೆ? ಯಾವುದು ಸಿಕ್ಕರೆ ಅವರ ಕೆಲಸ ಮುಗಿದಂತೆ? ಯಾವುದು ಸಿಗದಿದ್ದರೆ ಅವರು ಸೋತಂತೆ? ಈ ಶೀರ್ಷಿಕೆಯಿಂದ ಅದು ಗೊತ್ತಾಗುವುದಿಲ್ಲ. ಎಷ್ಟೋ ಸಲ ಬರೆಯುವವರಿಗೂ ಗೊತ್ತಿರುವುದಿಲ್ಲ. 'ಕವಿರಾಜಮಾರ್ಗದ ಸಮಾಪ್ತಿ ವಾಕ್ಯದಲ್ಲಿರುವ ಅನುಮತ ಎಂಬ ಪದಕ್ಕೆ ಆ ಕಾಲದಲ್ಲಿ ಕರ್ತೃತ್ವದ ಅರ್ಥ ಇತ್ತೇ' ಎಂದು ಕೇಳಿಕೊಂಡವರಿಗೆ ಮರುದಿನ ಬೆಳಿಗ್ಗೆ ಯಾವ ಪುಸ್ತಕ ತೆರೆಯಬೇಕು ಎಂಬುದು ಗೊತ್ತಿರುತ್ತದೆ. ಆ ಕಾಲದ ಆಚೀಚಿನ ಬೇರೆ ಕಾವ್ಯಗಳ ಸಮಾಪ್ತಿ ವಾಕ್ಯಗಳನ್ನು ಒಟ್ಟುಮಾಡಬೇಕು. ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು, ಕಂಡರಿಸಿದವನ ಹೆಸರು, ಕೊಡಿಸಿದವನ ಹೆಸರು ಹೇಗೆ ಬೇರೆ ಬೇರೆಯಾಗಿ ಬರುತ್ತವೆ ಎಂದು ನೋಡಬೇಕು. ನಿಘಂಟಿನಲ್ಲಿ ಆ ಪದದ ಕೆಳಗೆ ಕೊಟ್ಟ ಪ್ರಯೋಗಗಳನ್ನು ಒಂದೊಂದಾಗಿ ಮೂಲದಲ್ಲಿ ತೆಗೆದು ಓದಬೇಕು. ಮುಂದಿನ ಕೆಲಸವೆಲ್ಲ ಆ ಒಂದು ಪ್ರಶ್ನೆಯ ಬೆನ್ನಿಗೇ ಬರುತ್ತದೆ.

ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದಕ್ಕೆ ನಮ್ಮಲ್ಲೇ ದೊಡ್ಡದೊಂದು ಸಾಕ್ಷಿ ಇದೆ. ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಮತ್ತು ಕೊಡಗಿನ ಶಾಸನಗಳನ್ನು ಊರೂರಿಂದ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಹೆಸರಿನಲ್ಲಿ 12 ಸಂಪುಟಗಳಾಗಿ ಹೊರತಂದರು. ಮೊದಲನೆಯದು 1886ರಲ್ಲಿ ಬಂತು. 20 ವರ್ಷದೊಳಗೆ ಹನ್ನೆರಡೂ ಬಂದವು. ಒಟ್ಟು ಹತ್ತಿರ ಹತ್ತಿರ 9,000 ಶಾಸನಗಳು. ಇಷ್ಟು ದೊಡ್ಡ ಆಕರ ಕೈಗೆ ಬಂದ ಮೇಲೆ ಹಲವು ದಶಕಗಳ ಕಾಲ ವಿದ್ವಾಂಸರು ಅದನ್ನು ಹೆಚ್ಚಾಗಿ ಬಳಸಿದ್ದು ರಾಜರ ವಂಶಾವಳಿ, ಯುದ್ಧಗಳ ಕಾಲ, ಕವಿಗಳ ಕಾಲ ನಿಶ್ಚಯಿಸುವುದಕ್ಕೆ. ಅದು ಆಗಲೇಬೇಕಾದ ಕೆಲಸವೇ ಆಗಿತ್ತು. 1966ರಲ್ಲಿ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಪ್ರಕಟವಾಯಿತು. ಅವರ ಮುಂದೆ ಇದ್ದದ್ದು ಬಹುಪಾಲು ಅವೇ ಕಲ್ಲುಗಳು, ಅವೇ ಸಾಲುಗಳು. ಅವರು ಕೇಳಿದ್ದು ಮಾತ್ರ ಬೇರೆ. ಆ ಕಾಲದ ಜನ ಹೇಗೆ ಬದುಕಿದರು, ಯಾವ ದೇವರನ್ನು ಹೇಗೆ ಪೂಜಿಸಿದರು, ಎಲ್ಲಿ ಓದಿದರು, ಯಾವುದಕ್ಕಾಗಿ ಪ್ರಾಣ ಕೊಟ್ಟರು? ದಾನ ಕೊಟ್ಟ ರಾಜನ ಹೆಸರನ್ನು ಓದಿ ಮುಂದೆ ದಾಟುತ್ತಿದ್ದ ಕಣ್ಣು, ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತ ಆಳಿನ ಮೇಲೆ, ಸತಿ ಹೋದ ಹೆಂಗಸಿನ ಮೇಲೆ, ಒಡೆಯನ ಜೊತೆ ಸಾಯುವುದಾಗಿ ಮಾತು ಕೊಟ್ಟು ಸತ್ತವನ ಮೇಲೆ ನಿಂತಿತು. ಆ ಮಹಾಪ್ರಬಂಧದ ಶೀರ್ಷಿಕೆಯಲ್ಲೂ 'ಅಧ್ಯಯನ' ಎಂಬ ಪದ ಇದೆ, ನಿಜ. ಆದರೆ ಅದರ ಜೊತೆಗೆ ಒಂದು ಎಲ್ಲೆಯನ್ನೂ ಹಾಕಿಕೊಂಡಿದ್ದಾರೆ: ಕ್ರಿ.ಶ. 450ರಿಂದ 1150ರ ವರೆಗೆ. ಹೀಗೆ ಗೆರೆ ಹಾಕುವುದು ಸಿದ್ಧತೆಯ ಇನ್ನೊಂದು ಅರ್ಧ. ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳದವರು ಓದುತ್ತಲೇ ಇರುತ್ತಾರೆ, ಬರೆಯುವ ದಿನ ಬರುವುದೇ ಇಲ್ಲ.

ಪ್ರಶ್ನೆಯ ಬಲಕ್ಕೆ ಇನ್ನೊಂದು ಸಾಕ್ಷಿಯಾಗಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಾಶಾಸ್ತ್ರಿಗಳ ಹೆಸರನ್ನು ಇಲ್ಲಿ ನೆನೆಯಬೇಕು. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿಗಳು ಅವರ ಕೈಗೆ ಬಂದವು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಅವರು ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಇದನ್ನು ಅದೃಷ್ಟದ ಕಥೆಯೆಂಬಂತೆ ಹೇಳುವವರಿದ್ದಾರೆ. ಗರಿಗಳು ಬಂದದ್ದು ಅದೃಷ್ಟವಿರಬಹುದು, ಅವುಗಳನ್ನು ಗುರುತಿಸಿದ್ದನ್ನು ಅದೃಷ್ಟ ಎನ್ನಲಾಗದು. ಕಾಮಂದಕನು ತನ್ನ ನೀತಿಸಾರದ ಆರಂಭದಲ್ಲೇ ವಿಷ್ಣುಗುಪ್ತನನ್ನು, ಅಂದರೆ ಕೌಟಿಲ್ಯನನ್ನು, ನೆನೆಯುತ್ತಾನೆ. ದಂಡಿಯ ದಶಕುಮಾರಚರಿತದಲ್ಲಿ ವಿಷ್ಣುಗುಪ್ತನು 6,000 ಶ್ಲೋಕಗಳಷ್ಟು ಪ್ರಮಾಣದಲ್ಲಿ ದಂಡನೀತಿಯನ್ನು ಸಂಗ್ರಹಿಸಿದನೆಂಬ ಮಾತು ಬರುತ್ತದೆ. ಈ ಉಲ್ಲೇಖಗಳೆಲ್ಲ ಸೂಚಿಸುವ ಮೂಲ ಗ್ರಂಥ ಎಲ್ಲಿದೆ ಎಂಬ ಪ್ರಶ್ನೆ ಓದಿದವರ ಮನಸ್ಸಿನಲ್ಲಿ ಮೊದಲೇ ಇತ್ತು. ಹಾಗಿದ್ದುದರಿಂದಲೇ ಗರಿಯ ಮೇಲಿನ ಸಾಲುಗಳು ಅವರಿಗೆ ಮಾತಾಡಿದವು. ಪ್ರಶ್ನೆ ಇಲ್ಲದವರ ಕೈಗೆ ಬಂದಿದ್ದರೆ ಆ ಕಟ್ಟು ಪಟ್ಟಿಯಲ್ಲಿ ಇನ್ನೊಂದು ಸಂಖ್ಯೆಯಾಗಿ ಕಪಾಟು ಸೇರುತ್ತಿತ್ತು.

ಪ್ರಶ್ನೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದನ್ನು ಕೈಯಲ್ಲಿ ಹಿಡಿದು ಮೂಲಕ್ಕೆ ಹೋಗುವುದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಎಲ್ಲರೂ ಬಲ್ಲರು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ವಿದ್ವತ್ ಲೋಕದ ಮುಂದಿಟ್ಟರು. ಅದರಲ್ಲಿ ಕಾಲದ ಉಲ್ಲೇಖ ಇಲ್ಲ, ಕ್ರಿ.ಶ. 450ರ ಸುಮಾರು ಎಂದು ನಾವು ಹೇಳುವುದು ಲಿಪಿ, ಭಾಷೆ ಮತ್ತು ಅಲ್ಲಿ ಬರುವ ಹೆಸರುಗಳ ಆಧಾರದ ಮೇಲೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ದತ್ತಿ ಕೊಟ್ಟ ಸಂಗತಿ ಅದರಲ್ಲಿದೆ. ಆ ದತ್ತಿಗೆ ಬಳಸಿದ ಪದ 'ಬಾಳ್ಗೞ್ಚು'. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ವೀರನ ಕತ್ತಿಯನ್ನು ತೊಳೆದು ಗೌರವಿಸಿ ಕೊಡುವ ಭೂಮಿ. 'ಕನ್ನಡದ ಮೊದಲ ಶಾಸನ' ಎಂಬ ಶೀರ್ಷಿಕೆಯಡಿ ಇನ್ನೊಂದು ಲೇಖನ ಬರೆಯುವ ಬದಲು ಒಬ್ಬ ವಿದ್ಯಾರ್ಥಿನಿ ಈ ಒಂದು ಪದವನ್ನೇ ಹಿಡಿದಳೆನ್ನಿ. ಈ ಬಗೆಯ ದತ್ತಿ ಯಾರಿಗೆ ಸಿಗುತ್ತಿತ್ತು, ಬದುಕಿ ಬಂದವನಿಗೋ ಸತ್ತವನ ಮನೆಯವರಿಗೋ, ಯಾವ ಶತಮಾನದ ತನಕ ಈ ಪದ ನಡೆಯಿತು? ಅವಳು ಶಾಸನ ಸಂಪುಟಗಳನ್ನು ತೆರೆದರೆ ಮೊದಲು ಎದುರಾಗುವುದು ಕಾಗುಣಿತದ ತೊಡಕು. ಒಂದು ಕಡೆ ೞಕಾರ ಉಳಿದಿರುತ್ತದೆ, ಇನ್ನೊಂದು ಕಡೆ ಅದನ್ನು ಳಕಾರವಾಗಿ ಅಚ್ಚು ಹಾಕಿರುತ್ತಾರೆ, ಮುಂದಿನ ಕಾಲಕ್ಕೆ ಬಂದರೆ ಅದು 'ಬಾಳ್ಗಚ್ಚು' ಆಗಿರುತ್ತದೆ. ಮೂರೂ ರೂಪಗಳನ್ನು ಹುಡುಕದಿದ್ದರೆ ಅವಳ ಲೆಕ್ಕ ತಪ್ಪುತ್ತದೆ. ಆಮೇಲೆ ಸಂಪುಟಗಳ ತೊಡಕು. ರೈಸ್ ಅವರ 5ನೆಯ ಸಂಪುಟ ಹಾಸನ ಜಿಲ್ಲೆಯದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅದೇ ಜಿಲ್ಲೆಯ ಶಾಸನಗಳು ಬೇರೆ ಸಂಖ್ಯೆಯ ಸಂಪುಟಗಳಲ್ಲಿವೆ. ಯಾವ ಆವೃತ್ತಿ ಎಂದು ಬರೆದುಕೊಳ್ಳದೆ ಬರಿಯ ಸಂಪುಟ ಸಂಖ್ಯೆ ಗೀಚಿಕೊಂಡರೆ, ಆರು ತಿಂಗಳ ಮೇಲೆ ಅವಳ ಟಿಪ್ಪಣಿಯಿಂದ ಅವಳಿಗೇ ಆ ಶಾಸನ ಸಿಗುವುದಿಲ್ಲ.

ಅದಕ್ಕೇ ಚೀಟಿಯ ವಿಷಯ ಹೇಳಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 1970ರಿಂದ 1995ರ ವರೆಗೆ 8 ಸಂಪುಟಗಳಲ್ಲಿ ಹೊರಬಂತು. ಆ ಕಟ್ಟಡ ನಿಂತಿರುವುದು ಚೀಟಿಗಳ ಮೇಲೆ. ಕಾವ್ಯಗಳಿಂದ, ಶಾಸನಗಳಿಂದ ಒಂದೊಂದು ಪದವನ್ನು ಅದು ಬಂದ ಸಾಲಿನ ಸಮೇತ ಎತ್ತಿ ಬರೆದುಕೊಂಡ ಕಾಗದದ ತುಂಡುಗಳು. ಲೇಖನ ಬರೆಯುವವರ ಚೀಟಿಯೂ ಹಾಗೆಯೇ ಇರಬೇಕು. ಒಂದು ಚೀಟಿಗೆ ಒಂದೇ ಸಂಗತಿ. ತಲೆಯ ಮೇಲೆ ಅದು ಯಾವ ಪ್ರಶ್ನೆಗೆ ಸಂಬಂಧಪಟ್ಟಿದ್ದು ಎಂಬ ಎರಡು ಪದ. ನಡುವೆ ಮೂಲದ ಮಾತು, ಒಂದಕ್ಷರ ಬದಲಿಸದೆ. ಅದರ ಕೆಳಗೆ ಗ್ರಂಥ, ಸಂಪಾದಕ, ಆವೃತ್ತಿ, ವರ್ಷ, ಪುಟ. ಪದ್ಯವಾದರೆ ಪದ್ಯದ ಸಂಖ್ಯೆ, ಶಾಸನವಾದರೆ ತಾಲ್ಲೂಕು ಮತ್ತು ಸಂಖ್ಯೆ. ಹಿಂಬದಿಯಲ್ಲಿ ನಮ್ಮ ಮಾತು, ಬೇರೆ ಬಣ್ಣದ ಶಾಯಿಯಲ್ಲಿ. ಕಾಗದದ ಮೇಲೆ ಮಾಡಿದರೂ ಆದೀತು, ಗಣಕಯಂತ್ರದಲ್ಲಿ ಮಾಡಿದರೂ ಆದೀತು. ಮುಂದಿನ ಬದಿ ಬೇರೆಯವರದು, ಹಿಂದಿನ ಬದಿ ನಮ್ಮದು ಎಂಬ ಗಡಿ ಅಳಿಸಬಾರದು. ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ 2018ರಲ್ಲಿ ನಿಯಮಾವಳಿ ತಂದಿತು. ಶೇಕಡಾ 10ರ ವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದಕ್ಕಿಂತ ಮೇಲೆ ಹೋದಂತೆ ಕ್ರಮ ಬಿಗಿಯಾಗುತ್ತದೆ. ಈ ಶೇಕಡಾವಾರಿಗೆ ಹೆದರಿ ಬರೆದು ಮುಗಿಸಿದ ಮೇಲೆ ಪದಗಳನ್ನು ಅದಲುಬದಲು ಮಾಡುವವರಿದ್ದಾರೆ. ಕದಿಯಬೇಕೆಂಬ ಉದ್ದೇಶದಿಂದ ಕದ್ದವರಷ್ಟೇ ಅಲ್ಲ, ಚೀಟಿಯಲ್ಲಿ ತಮ್ಮ ಮಾತು ಯಾವುದು, ಓದಿದ ಮಾತು ಯಾವುದು ಎಂದು ಬೇರ್ಪಡಿಸದೆ ಸಿಕ್ಕಿಬಿದ್ದವರೂ ಇರುತ್ತಾರೆ. ಅದನ್ನು ತಡೆಯುವ ಜಾಗ ಲೇಖನದ ಕೊನೆಯಲ್ಲಿಲ್ಲ, ಮೊದಲ ಚೀಟಿಯಲ್ಲಿದೆ.

ಹಿಂದಿನವರು ಏನು ಹೇಳಿದ್ದಾರೆ ಎಂದು ನೋಡುವ ಭಾಗವನ್ನು ನಾವು ಬಹಳ ಹಗುರಾಗಿ ತೆಗೆದುಕೊಂಡಿದ್ದೇವೆ. 'ಈ ಕುರಿತು ಇಂಥವರು ಬರೆದಿದ್ದಾರೆ, ಇಂಥವರೂ ಬರೆದಿದ್ದಾರೆ' ಎಂದು ಹೆಸರುಗಳನ್ನು ಜೋಡಿಸಿಟ್ಟರೆ ಸಮೀಕ್ಷೆ ಮುಗಿಯಿತು ಎಂಬ ಭಾವನೆ ಇದೆ. ಕವಿರಾಜಮಾರ್ಗದ ಚರ್ಚೆಗೇ ಮರಳೋಣ. 1604ರಲ್ಲಿ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ ಭಟ್ಟಾಕಳಂಕನು ಆ ಗ್ರಂಥವನ್ನು ನೃಪತುಂಗನ ಹೆಸರಿನೊಂದಿಗೆ ಜೋಡಿಸುತ್ತಾನೆ. 11ನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯರ ಕವಿಮಾರ್ಗ ಎಂದು ಹೇಳುತ್ತಾನೆ. ದುರ್ಗಸಿಂಹನೇ ಹಳಬ, ಆದ್ದರಿಂದ ಅವನ ಮಾತೇ ಸರಿ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಅವನು ಹೇಳುವ ಕವಿಮಾರ್ಗವೂ ನಮ್ಮ ಕವಿರಾಜಮಾರ್ಗವೂ ಒಂದೇ ಎಂಬುದಕ್ಕೆ ಆಧಾರವೇನು ಎಂದು ಎದುರಿನವರು ಕೇಳಿದರೆ ಉತ್ತರ ಬೇಕಲ್ಲವೇ? ಸಿದ್ಧತೆಯಲ್ಲಿ ಇರುವವರು ತಮ್ಮ ನಿಲುವಿಗೆ ಒದಗುವ ಚೀಟಿಗಳಿಗಿಂತ ಒಂದು ಚೀಟಿ ಹೆಚ್ಚಾಗಿಯೇ, ಅದಕ್ಕೆ ಅಡ್ಡ ಬರುವ ಚೀಟಿಗಳನ್ನು ಕೂಡಿಹಾಕಬೇಕು. ಗ್ರಂಥವು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದೆ ಎಂಬುದು ತಿಳಿದ ಸಂಗತಿ. ಹಾಗಿದ್ದಮೇಲೆ ಕನ್ನಡ ಗ್ರಂಥವೊಂದನ್ನೇ ಓದಿ ಅದರ ಸ್ವಂತಿಕೆಯ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. ಕಾವ್ಯಾದರ್ಶವನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲಿ ಅನುವಾದ, ಎಲ್ಲಿ ಬದಲಾವಣೆ, ಎಲ್ಲಿ ಹೊಸದು ಎಂದು ಗೆರೆ ಎಳೆಯಬೇಕು. 'ಮೊದಲ' ಎಂಬ ಪದವನ್ನು ಬಳಸುವಾಗಲಂತೂ ಕೈ ತಡೆಯಬೇಕು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಹಲ್ಮಿಡಿಗಿಂತ ಹಳೆಯದು ಎಂಬ ವಾದ ಈಚಿನ ವರ್ಷಗಳಲ್ಲಿ ಬಂದಿದೆ, ಅದರ ಮೇಲೆ ಚರ್ಚೆಯೂ ನಡೆದಿದೆ. 'ಕನ್ನಡದ ಮೊದಲ ಶಾಸನ' ಎಂಬುದರ ಮೇಲೆ ಇಡೀ ಲೇಖನ ಕಟ್ಟಿದವರ ಬುಡ ಇದರಿಂದ ಅಲುಗಾಡುತ್ತದೆ. ಬಾಳ್ಗಚ್ಚಿನ ಪ್ರಶ್ನೆ ಹಿಡಿದ ವಿದ್ಯಾರ್ಥಿನಿಗೆ ಇದರಿಂದ ತೊಂದರೆಯಿಲ್ಲ.

ಇಷ್ಟು ಹೇಳಿದ ಮೇಲೆ ಕೆಲವು ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಅವುಗಳಲ್ಲಿ ನನಗೆ ಬಹಳ ಬಲವಾದದ್ದೆಂದು ತೋರುವುದು ಇದು: ಬರೆಯುತ್ತಾ ಹೋದ ಹಾಗೇ ತಾನೇ ನಮಗೆ ನಮ್ಮ ಮನಸ್ಸಿನಲ್ಲಿರುವುದು ತಿಳಿಯುವುದು? ಪ್ರಶ್ನೆ ಸ್ಪಷ್ಟವಾಗುವ ತನಕ ಕಾಯಿರಿ ಎಂದರೆ ಎಷ್ಟೋ ಜನ ಕೊನೆಯವರೆಗೂ ಕಾಯುತ್ತಲೇ ಕೂರುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಸಿದ್ಧತೆಯ ಕಾಲದಲ್ಲೇ ಹೆಚ್ಚು ಬರೆಯಬೇಕು. ಚೀಟಿಯ ಹಿಂಬದಿಯಲ್ಲಿ ಬರೆಯಬೇಕು. ದಿನದ ಕೊನೆಗೆ ಅರ್ಧ ಪುಟದಲ್ಲಿ, ಇವತ್ತು ನನ್ನ ಪ್ರಶ್ನೆ ಎಲ್ಲಿಗೆ ಬಂತು ಎಂದು ಬರೆಯಬೇಕು. ತಿಳಿದ ಗೆಳೆಯರಿಗೆ ಒಂದು ಕಾಗದ ಬರೆದು, ನನಗೆ ಹೀಗನ್ನಿಸುತ್ತದೆ, ಇದರಲ್ಲಿ ತಪ್ಪು ಎಲ್ಲಿದೆ ಎಂದು ಕೇಳಬೇಕು. ಪ್ರಶ್ನೆ ಹಲವು ಸಲ ರೂಪ ಬದಲಿಸುತ್ತದೆ, ಬದಲಿಸಲಿ. 'ಬಾಳ್ಗಚ್ಚು ಯಾರಿಗೆ ಸಿಗುತ್ತಿತ್ತು' ಎಂದು ಶುರುವಾದದ್ದು 'ಬಾಳ್ಗಚ್ಚು ಕೊಡುವ ಅಧಿಕಾರ ಯಾರಿಗಿತ್ತು' ಎಂದು ತಿರುಗಬಹುದು. ತಿರುಗಿದರೆ ಅದು ಆಕರ ಕೊಟ್ಟ ವರ ಎಂದೇ ತಿಳಿಯಬೇಕು. ಇದೆಲ್ಲ ನಮಗಾಗಿ ಬರೆದುಕೊಂಡ ಬರಹ. ನನ್ನ ಕಳವಳ ಇರುವುದು ಈ ಬರಹವನ್ನೇ ಶುದ್ಧಪ್ರತಿ ಮಾಡಿ ಲೇಖನವೆಂದು ಪತ್ರಿಕೆಗೆ ಕಳಿಸುವುದರ ಬಗ್ಗೆ. ಲೇಖಕರು ದಾರಿ ಹುಡುಕಿಕೊಂಡು ಅಲೆದ ಇಪ್ಪತ್ತು ಪುಟಗಳನ್ನು ಓದುಗರೂ ಅಲೆಯಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ವಿಜ್ಞಾನದ ಕಡೆಯಿಂದ ಬರಬಹುದು. ಶಾಸನ, ಹಸ್ತಪ್ರತಿಗಳಿಗೆ ಇದು ಸರಿ, ಪ್ರಯೋಗಾಲಯದ ಕೆಲಸಕ್ಕೆ ಇದು ಹೇಗೆ ಒಪ್ಪುತ್ತದೆ ಎಂದು. ಅಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟಾಗಿದೆ. ಮನುಷ್ಯರ ಮೇಲೆ ಔಷಧ ಪರೀಕ್ಷೆ ಮಾಡುವವರಿಗಾಗಿ ನಮ್ಮ ದೇಶದಲ್ಲಿ 2007ರಲ್ಲಿ ಒಂದು ಸಾರ್ವಜನಿಕ ದಾಖಲಾತಿ ವ್ಯವಸ್ಥೆ ಶುರುವಾಯಿತು, 2009ರಿಂದ ಅದರಲ್ಲಿ ನೋಂದಾಯಿಸುವುದು ಕಡ್ಡಾಯವಾಯಿತು. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ, ನಾವು ಯಾವುದನ್ನು ಪರೀಕ್ಷಿಸುತ್ತಿದ್ದೇವೆ, ಯಾವ ಅಳತೆಯಿಂದ ಗುಣವಾಯಿತು ಎಂದು ತೀರ್ಮಾನಿಸುತ್ತೇವೆ, ಎಷ್ಟು ಜನರನ್ನು ಸೇರಿಸುತ್ತೇವೆ ಎಂದು ಬರೆದು ಒಪ್ಪಿಸಬೇಕು. ಹೀಗೇಕೆ? ಫಲಿತಾಂಶ ಕೈಗೆ ಬಂದ ಮೇಲೆ ಅದಕ್ಕೆ ಹೊಂದುವ ಹಾಗೆ ಪ್ರಶ್ನೆಯನ್ನು ತಿದ್ದಿಕೊಳ್ಳುವುದು ಬಹಳ ಸುಲಭ. ರಕ್ತದೊತ್ತಡ ಇಳಿಯುತ್ತದೆಯೇ ಎಂದು ಹೊರಟು, ಅದು ಇಳಿಯದೆ ನಿದ್ರೆ ಮಾತ್ರ ಚೆನ್ನಾಗಿ ಬಂದರೆ, ನಾವು ಮೊದಲಿನಿಂದಲೂ ನಿದ್ರೆಯನ್ನೇ ಪರೀಕ್ಷಿಸುತ್ತಿದ್ದೆವು ಎನ್ನಬಹುದು. ಅದನ್ನು ಓದಿದ ವೈದ್ಯರೂ ಅವರನ್ನು ನಂಬಿದ ರೋಗಿಯೂ ಮೋಸ ಹೋಗುತ್ತಾರೆ. ಪ್ರಶ್ನೆ ಮೊದಲು ಇರಬೇಕೆಂಬುದು ಅಲ್ಲಿ ಜೀವದ ಮಾತು. ಸಾಹಿತ್ಯದ ಸಂಶೋಧನೆಗೆ ಇಂಥ ಕಾನೂನಿಲ್ಲ. ಇಲ್ಲಿ ಪ್ರಶ್ನೆ ಬದಲಾದರೆ ಅಪರಾಧವೂ ಅಲ್ಲ, ಆದರೆ ಅದು ಬದಲಾಯಿತು ಎಂದು ಲೇಖನದಲ್ಲಿ ಹೇಳಬೇಕು.

ಸಮಯವೆಲ್ಲಿದೆ ಎಂಬುದು ಮೂರನೆಯ ಆಕ್ಷೇಪ. ವಾರಕ್ಕೆ ಹದಿನಾರು ಗಂಟೆ ಪಾಠ, ಮೌಲ್ಯಮಾಪನ, ಚುನಾವಣೆ ಕೆಲಸ, ಇದರ ನಡುವೆ ಬಡ್ತಿಗೆ ಇಷ್ಟು ಲೇಖನ ಬೇಕು ಎಂಬ ಒತ್ತಡ. ಈ ಕಷ್ಟವನ್ನು ನಾನು ತಳ್ಳಿಹಾಕುವುದಿಲ್ಲ. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮುನ್ನ ಒಂದು ಲೇಖನ ಪ್ರಕಟವಾಗಲೇಬೇಕು ಎಂದು ಅನುದಾನ ಆಯೋಗದ 2016ರ ನಿಯಮ ಹೇಳುತ್ತಿತ್ತು. 2022ರ ನಿಯಮಾವಳಿಯಲ್ಲಿ ಆಯೋಗವೇ ಆ ಕಡ್ಡಾಯವನ್ನು ಕೈಬಿಟ್ಟಿತು. ಕಡ್ಡಾಯ ಮಾಡಿದರೆ ಲೇಖನಗಳ ಸಂಖ್ಯೆ ಹೆಚ್ಚುತ್ತದೆ, ದುಡ್ಡು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳೂ ಹೆಚ್ಚುತ್ತವೆ, ತಿಳಿವಳಿಕೆ ಹೆಚ್ಚುವುದಿಲ್ಲ. ಸಮಯ ಇಲ್ಲದವರಿಗೇ ಸಣ್ಣ ಪ್ರಶ್ನೆ ಹೆಚ್ಚು ಬೇಕು ಎಂದು ನಾನು ಹೇಳುವುದು. 'ವಚನ ಸಾಹಿತ್ಯದಲ್ಲಿ ಸಾಮಾಜಿಕ ಚಿಂತನೆ' ಎಂಬ ವಿಷಯ ಹಿಡಿದವರು ನೂರು ಪುಸ್ತಕ ಓದಿದರೂ ಸಾಲದು, ಕೊನೆಗೆ ಬರೆಯುವುದು ನಾಲ್ಕು ಜನ ಆಗಲೇ ಬರೆದ ಮಾತುಗಳನ್ನೇ. ಒಬ್ಬ ವಚನಕಾರ್ತಿಯ ವಚನಗಳಲ್ಲಿ ಕಾಯಕಕ್ಕೆ ಸಂಬಂಧಪಟ್ಟ ಪದಗಳು ಯಾವುವು, ಸಮಗ್ರ ವಚನ ಸಂಪುಟದ ಪಾಠಕ್ಕೂ ಹಳೆಯ ಮುದ್ರಿತ ಪಾಠಕ್ಕೂ ಆ ಪದಗಳಲ್ಲಿ ವ್ಯತ್ಯಾಸ ಇದೆಯೇ ಎಂದು ಹಿಡಿದವರು ಒಂದು ಬೇಸಿಗೆ ರಜೆಯಲ್ಲಿ ಹತ್ತು ಪುಟದ ಲೇಖನ ಬರೆಯಬಹುದು. ಆ ಹತ್ತು ಪುಟವನ್ನು ಮುಂದಿನವರು ತೆಗೆದು ಓದುತ್ತಾರೆ.

ಎಲ್ಲವೂ ಈಗ ಅಂತರ್ಜಾಲದಲ್ಲಿ ಇದೆಯಲ್ಲ, ಹುಡುಕಿದರೆ ಕ್ಷಣದಲ್ಲಿ ಸಿಗುತ್ತದಲ್ಲ ಎಂಬ ಮಾತೂ ಇದೆ. ಹಳೆಯ ಕನ್ನಡ ಪುಸ್ತಕಗಳ ಸಾವಿರಾರು ಪುಟಗಳ ಚಿತ್ರಗಳು ಇಂದು ಮನೆಯಲ್ಲೇ ಕೂತು ನೋಡಲು ಸಿಗುವುದು ದೊಡ್ಡ ಭಾಗ್ಯವೇ ಸರಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿರುವುದು ಕಲ್ಲು ಸವೆದ ಮೇಲೂ ಅಕ್ಷರ ಉಳಿಯುವ ಹಾಗೆ ಮಾಡುವ ಕೆಲಸ. ಆದರೆ ಯಂತ್ರ ಹುಡುಕಿಕೊಡುವುದು ನಾವು ಬೆರಳಚ್ಚಿಸಿದ ಅಕ್ಷರವನ್ನು ಮಾತ್ರ. 'ಬಾಳ್ಗಚ್ಚು' ಎಂದು ಕೊಟ್ಟರೆ 'ಬಾಳ್ಗೞ್ಚು' ಸಿಗುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ತಯಾರಾದ ಎಷ್ಟೋ ಪ್ರಬಂಧಗಳು, ಪತ್ರಿಕೆಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಯೂನಿಕೋಡ್ ಅಲ್ಲ. ಹುಡುಕಾಟಕ್ಕೆ ಅವು ಇಲ್ಲವೇ ಇಲ್ಲ. ಚಿತ್ರದಿಂದ ಅಕ್ಷರ ಓದಿಸಿದರೆ ಒತ್ತಕ್ಷರಗಳಲ್ಲಿ ತಪ್ಪು ಬರುತ್ತದೆ. ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇಲ್ಲದ ಪುಸ್ತಕಕ್ಕೆ ಹೆಸರು, ವರ್ಷ, ಪುಟಸಂಖ್ಯೆಯನ್ನೂ ಕೊಟ್ಟುಬಿಡುವುದುಂಟು. ಇವನ್ನೆಲ್ಲ ಬಳಸಬಾರದು ಎಂದು ನಾನು ಹೇಳುವುದಿಲ್ಲ. ಅವು ತೋರಿಸಿದ ಪುಟವನ್ನು ನಾವೇ ತೆರೆದು, ನಮ್ಮ ಕಣ್ಣಿನಿಂದ ಓದಿ, ಆಮೇಲೆ ಚೀಟಿ ಬರೆಯಬೇಕು. ಓದದ ಪುಟವನ್ನು ಅಡಿಟಿಪ್ಪಣಿಯಲ್ಲಿ ಹಾಕಿದರೆ ಅದು ಸುಳ್ಳು ಸಾಕ್ಷಿ ಹೇಳಿದ ಹಾಗೆ. ನನಗೆ ಇದರಲ್ಲಿ ರಿಯಾಯಿತಿ ಕಾಣುವುದಿಲ್ಲ.

ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'ಯ ಮೂರು ಸಂಪುಟಗಳನ್ನು ಮುಂದಿಟ್ಟುಕೊಂಡು ಕೊನೆಯದಾಗಿ ಇನ್ನೊಂದು ಮಾತನ್ನು ಕೇಳಬಹುದು. ಆ ಹಿರಿಯರು ಪ್ರಶ್ನೆ ಹಿಡಿದು ಹೊರಟರೇ, ಸುಮ್ಮನೆ ಸಂಗ್ರಹಿಸುತ್ತಾ ಹೋದರಲ್ಲವೇ? 1907ರಲ್ಲಿ ಮೊದಲ ಸಂಪುಟ, 1929ರಲ್ಲಿ ಮೂರನೆಯದು. ನಾಡಿನ ಮೂಲೆಮೂಲೆಯ ಹಸ್ತಪ್ರತಿಗಳನ್ನು ತಡಕಿ ಮಾಡಿದ ಕೆಲಸ ಅದು. ಅದರ ಯಾವ ಪುಟವನ್ನು ಬಿಚ್ಚಿದರೂ ಪ್ರತಿಯೊಬ್ಬ ಕವಿಯ ಮುಂದೆಯೂ ಅವೇ ಪ್ರಶ್ನೆಗಳು ನಿಂತಿರುವುದು ಕಾಣುತ್ತದೆ: ಇವನ ಕಾಲ ಯಾವುದು, ಊರು ಯಾವುದು, ಮತ ಯಾವುದು, ಇವನು ಯಾರನ್ನು ನೆನೆಯುತ್ತಾನೆ, ಇವನನ್ನು ಯಾರು ನೆನೆಯುತ್ತಾರೆ, ಹೀಗೆ ಹೇಳಲು ಆಧಾರ ಯಾವುದು. ಆಧಾರವನ್ನು ಮುಂದಿಟ್ಟು ಹೇಳಿದ್ದರಿಂದಲೇ ಆಮೇಲಿನವರು ಅವರನ್ನು ತಿದ್ದಲು ಸಾಧ್ಯವಾಯಿತು. ಆಧಾರ ಕೊಡದೆ ಹೇಳಿದ ಮಾತನ್ನು ಒಪ್ಪಲೂ ಆಗದು, ತಿದ್ದಲೂ ಆಗದು.

ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಈ ವರ್ಷ ಸಂಪ್ರಬಂಧಕ್ಕೆ ವಿಷಯ ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ವಿಷಯ ಕೊಡಬೇಡಿ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ಆ ವಿದ್ಯಾರ್ಥಿಯ ತಾಲ್ಲೂಕಿನ ಸಂಪುಟವನ್ನು ಕಾಲೇಜಿನ ಗ್ರಂಥಾಲಯದಿಂದಲೋ ಜಿಲ್ಲಾ ಗ್ರಂಥಾಲಯದಿಂದಲೋ ತರಿಸಿ ಕೈಗೆ ಕೊಡಿ. ತನ್ನ ಊರಿನ ಅಥವಾ ಪಕ್ಕದ ಊರಿನ ಒಂದು ಶಾಸನವನ್ನು ಮೂಲದಲ್ಲಿ ಓದಿ, ಕಲ್ಲು ಈಗಲೂ ಅಲ್ಲಿದ್ದರೆ ಹೋಗಿ ನೋಡಿ, ಅರ್ಥವಾಗದ ಒಂದು ಪದವನ್ನು ಚೀಟಿಯಲ್ಲಿ ಬರೆದುಕೊಂಡು ಹದಿನೈದು ದಿನದೊಳಗೆ ಬರಲು ಹೇಳಿ. ಆ ಚೀಟಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತು ಮಾತಾಡಿ.